ಹದಿಮೂರರ ಮಗುವಿನ ತೂಕ ನೋಡಿ ಆಟಗಾರನನ್ನು ಅಳೆಯಬೇಡಿ

ಹಾಕಿ ಮಕ್ಕಳನ್ನು ಆಯ್ಕೆ ಮಾಡುವ, ಕ್ರೀಡಾ ಹಾಸ್ಟೆಲ್‌ಗಳನ್ನು ನಡೆಸುವ, ಅಲ್ಲಿ ತರಬೇತಿ ಕೊಡುವ ಎಲ್ಲ ಮಾನ್ಯರಿಗೆ,

ಗೌರವಪೂರ್ವಕ ನಮಸ್ಕಾರಗಳು.

ನಾನು ದಕ್ಷಿಣ ಕೊಡಗಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಿ.ಟಿ. ಮೇಷ್ಟ್ರು. ನಮ್ಮ ಶಾಲೆಗೆ ಟರ್ಫ್, ಅಂದರೆ ಕೃತಕ ಹುಲ್ಲಿನ ಮೈದಾನ ಇಲ್ಲ. ಮಳೆಗಾಲ ಮುಗಿದ ಮೇಲೆ ಶಾಲೆಯ ಹಿಂದಿನ ಕೆಮ್ಮಣ್ಣಿನ ಮೈದಾನದಲ್ಲಿ, ಕೊಯ್ಲಾದರೆ ಪಕ್ಕದ ಗದ್ದೆಯಲ್ಲಿ ಆಡಿಸುತ್ತೇನೆ. ಬರುವ ಮಕ್ಕಳಲ್ಲಿ ಅರ್ಧ ಪಾಲು ತೋಟದ ಕೂಲಿಕಾರರ ಲೈನ್ ಮನೆಗಳವರು, ಉಳಿದವರು ಸಣ್ಣ ಬೆಳೆಗಾರರ ಮನೆಯವರು. ಇವರಲ್ಲಿ ಕೈಚಳಕ ಇರುವವರನ್ನು ಪ್ರತಿವರ್ಷ ನಿಮ್ಮ ಆಯ್ಕೆ ಶಿಬಿರಗಳಿಗೆ ಕರೆತರುವುದು ನನ್ನ ಕೆಲಸ. ಕೆಲವರನ್ನು ನೀವು ಆರಿಸಿಕೊಂಡಿದ್ದೀರಿ. ಅದಕ್ಕೆ ಕೃತಜ್ಞನಾಗಿದ್ದೇನೆ. ಆದರೆ ಈ ವರ್ಷಗಳಲ್ಲಿ ನಾನು ಕಣ್ಣಾರೆ ಕಂಡ ಒಂದು ತಪ್ಪು ಮತ್ತೆ ಮತ್ತೆ ಆಗುತ್ತಲೇ ಇದೆ. ಯಾವ ಒಬ್ಬರ ಹೆಸರನ್ನಾಗಲಿ, ಒಂದು ಹಾಸ್ಟೆಲಿನ ಹೆಸರನ್ನಾಗಲಿ ಇಲ್ಲಿ ಎತ್ತುವುದಿಲ್ಲ. ಒಬ್ಬರು ಬದಲಾದರೆ ಸರಿಹೋಗುವ ತಪ್ಪು ಇದಲ್ಲ.

ನಾಲ್ಕು ವರ್ಷದ ಹಿಂದಿನ ಒಂದು ಆಯ್ಕೆಯ ದಿನದಿಂದ ಶುರುಮಾಡುತ್ತೇನೆ. ಬೆಳಿಗ್ಗೆ ಏಳಕ್ಕೇ ಸಾಲು ನಿಂತಿತ್ತು. ಮೇಜಿನ ಪಕ್ಕ ತೂಕದ ಮೆಷಿನ್, ಗೋಡೆಗೆ ಅಂಟಿಸಿದ ಎತ್ತರದ ಪಟ್ಟಿ. ನನ್ನ ಜೊತೆ ಬಂದಿದ್ದ ಹುಡುಗನಿಗೆ ಆಗಷ್ಟೇ ಹದಿಮೂರು ತುಂಬಿತ್ತು. ಅವನ ಕೈಯಲ್ಲಿದ್ದದ್ದು ಅಣ್ಣನ ಹಳೆಯ ಸ್ಟಿಕ್. ಉದ್ದ ಜಾಸ್ತಿಯಾಗುತ್ತದೆಂದು ಹಿಡಿಯ ಕಡೆ ಗರಗಸದಲ್ಲಿ ಕೊಯ್ದು, ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿಕೊಂಡಿದ್ದ. ಎತ್ತರ 141 ಸೆಂ.ಮೀ., ತೂಕ 31 ಕೆ.ಜಿ. ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿ ಅವನನ್ನೊಮ್ಮೆ ನೋಡಿ, 'ಏನಪ್ಪಾ, ಮನೆಯಲ್ಲಿ ಊಟ ಹಾಕಲ್ವಾ?' ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆಮೇಲೆ 30 ಮೀಟರ್ ಓಟ, ನಿಂತಲ್ಲಿಂದ ಜಿಗಿತ, 800 ಮೀಟರ್. ಕೊನೆಗೆ ಹತ್ತು ನಿಮಿಷದ ಆಟ. ಆ ಹತ್ತು ನಿಮಿಷದಲ್ಲಿ ಅವನು ಸ್ಟಿಕ್ ತಿರುಗಿಸಿ ರಿವರ್ಸ್‌ನಲ್ಲಿ ಚೆಂಡು ಎಳೆದುಕೊಂಡು ಮೂರು ಸಲ ಒಬ್ಬನೇ ಡಿ ಒಳಗೆ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದೊಳಗೆ ಹೋದ. ಮೂರನೆಯ ಸಲ 163 ಸೆಂ.ಮೀ. ಎತ್ತರದ, ಮೀಸೆ ಚಿಗುರಿದ ಹುಡುಗನೊಬ್ಬ ಭುಜ ಕೊಟ್ಟ, ಇವನು ಬಿದ್ದ. ಪಟ್ಟಿಯಲ್ಲಿ ಇವನ ಹೆಸರು ಬರಲಿಲ್ಲ. ನಾನು ಕೇಳಿದ್ದಕ್ಕೆ ಸಿಕ್ಕ ಉತ್ತರ, 'ಆಟ ಇದೆ ಸಾರ್, ಬಾಡಿ ಇಲ್ಲ. ವೆಯ್ಟ್ ಹಾಕಿಸಿ, ಮುಂದಿನ ವರ್ಷ ಕರ್ಕೊಂಡು ಬನ್ನಿ.'

ಮುಂದಿನ ವರ್ಷ ಅವನು ಬರಲಿಲ್ಲ. ನಾನೂ ಮನೆಗೆ ಹೋಗಿ ಕರೆದೆ. 'ಬೇಡ ಸಾರ್, ಮತ್ತೆ ಮೆಷಿನ್ ಮೇಲೆ ನಿಲ್ಲಿಸ್ತಾರೆ' ಅಂದ. ಈಗ ಅವನಿಗೆ ಹದಿನೇಳು. ಎತ್ತರ 168 ಸೆಂ.ಮೀ., ತೂಕ 56 ಕೆ.ಜಿ. ಕಾಫಿ ಕೊಯ್ಲಿನ ಸಮಯದಲ್ಲಿ ಮೂಟೆ ಹೊರುತ್ತಾನೆ. ಅಂದು ಅವನನ್ನು ಬೀಳಿಸಿದ ಹುಡುಗ ಆಯ್ಕೆಯಾಗಿದ್ದ. ಅವನು ಹೆಚ್ಚುಕಡಿಮೆ ಅಂದಿನ ಎತ್ತರದಲ್ಲೇ ನಿಂತ, ಎರಡು ವರ್ಷದಲ್ಲಿ ಹಾಸ್ಟೆಲ್ ಬಿಟ್ಟ ಎಂದು ಕೇಳಿದೆ. ಅವನ ತಪ್ಪೂ ಏನಿಲ್ಲ. ಅವನ ಮೈ ಬೇಗ ಬೆಳೆದಿತ್ತು, ಇವನದು ತಡವಾಗಿತ್ತು. ಇಬ್ಬರಲ್ಲಿ ಯಾರು ಹಾಕಿ ಆಡಬಲ್ಲರು ಎಂಬುದನ್ನು ಆ ದಿನ ಯಾರೂ ಅಳೆಯಲೇ ಇಲ್ಲ.

ಮಾನ್ಯರೇ, ಬೆಳವಣಿಗೆಯ ವಿಷಯ ನಿಮಗೆ ಗೊತ್ತಿಲ್ಲವೆಂದು ನಾನು ಹೇಳುತ್ತಿಲ್ಲ. ನಿಮ್ಮಲ್ಲಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯಲ್ಲಿ ತರಬೇತಿ ಕಲಿತು ಬಂದವರಿದ್ದಾರೆ. ಆದರೆ ಕಲಿತದ್ದು ಆಯ್ಕೆಯ ಮೇಜಿಗೆ ಬರುತ್ತಿಲ್ಲ ಎಂಬುದೇ ನನ್ನ ದೂರು. ಹೆಣ್ಣುಮಕ್ಕಳು ಸರಾಸರಿ ಹನ್ನೆರಡರ ಆಸುಪಾಸಿನಲ್ಲಿ, ಗಂಡುಮಕ್ಕಳು ಹದಿನಾಲ್ಕರ ಆಸುಪಾಸಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಉದ್ದವಾಗುತ್ತಾರೆ. ಆ ಒಂದು ವರ್ಷದಲ್ಲಿ ಹುಡುಗರು 9–10 ಸೆಂ.ಮೀ., ಹುಡುಗಿಯರು 8 ಸೆಂ.ಮೀ.ನಷ್ಟು ಬೆಳೆಯುತ್ತಾರೆ. ಇದು ಸರಾಸರಿ. ಒಬ್ಬ ಹುಡುಗನಿಗೆ ಆ ವರ್ಷ ಹನ್ನೆರಡಕ್ಕೇ ಬರಬಹುದು, ಇನ್ನೊಬ್ಬನಿಗೆ ಹದಿನಾರಕ್ಕೆ ಬರಬಹುದು. ಇಬ್ಬರೂ ಆರೋಗ್ಯವಂತರೇ. ಬೆಳೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಪಾದ, ಆಮೇಲೆ ಕಾಲು, ಕೊನೆಗೆ ಮುಂಡ. ಎತ್ತರ ಮೊದಲು ಬರುತ್ತದೆ, ಕೆಲವು ತಿಂಗಳ ನಂತರ ತೂಕ ಹಿಂಬಾಲಿಸುತ್ತದೆ, ಹುಡುಗರಲ್ಲಿ ಕಸುವು ಅದಕ್ಕೂ ಆಮೇಲೆ. ನಮ್ಮ ಅಜ್ಜಿಯರು 'ಎಲುಬು ಓಡಿದೆ, ಮಾಂಸ ಇನ್ನೂ ಬರಬೇಕು' ಎಂದು ಸಣಕಲು ಹುಡುಗರ ಬಗ್ಗೆ ಹೇಳುತ್ತಿದ್ದದ್ದು ಇದನ್ನೇ. ತೂಕ ಬರಬೇಕಾದರೆ ಎತ್ತರ ಮೊದಲು ಬರಬೇಕು. 141 ಸೆಂ.ಮೀ. ಇರುವ, ಇನ್ನೂ ದನಿ ಒಡೆಯದ ಹುಡುಗನಿಗೆ 'ವೆಯ್ಟ್ ಹಾಕು' ಎಂದರೆ ಅವನು ಹಾಕುವುದಾದರೂ ಎಲ್ಲಿಂದ?

ಇದನ್ನು ತಿಳಿಯಲು ದೊಡ್ಡ ಲ್ಯಾಬ್ ಬೇಡ. ನಮ್ಮ ಶಾಲೆಯ ಆಟದ ಸಾಮಾನಿನ ಕೋಣೆಯ ಬಾಗಿಲಿನ ಚೌಕಟ್ಟಿನ ಮೇಲೆ ನಾನು ವರ್ಷಕ್ಕೆ ಮೂರು ಸಲ ಪೆನ್ಸಿಲ್ ಗುರುತು ಹಾಕುತ್ತೇನೆ. ಜೂನ್, ಅಕ್ಟೋಬರ್, ಫೆಬ್ರವರಿ. ಬರಿಗಾಲು, ಹಿಮ್ಮಡಿ ಚೌಕಟ್ಟಿಗೆ ತಾಗಿರಬೇಕು, ದೃಷ್ಟಿ ನೇರ, ತಲೆಯ ಮೇಲೆ ಹಾಜರಿ ಪುಸ್ತಕವನ್ನು ಮಟ್ಟಸವಾಗಿ ಇಟ್ಟು ಗೀಟು. ಪಕ್ಕದಲ್ಲಿ ಹೆಸರಿನ ಮೊದಲಕ್ಷರ ಮತ್ತು ತಾರೀಕು. ಎರಡು ಗೀಟುಗಳ ನಡುವೆ ಒಂದೂವರೆ ಸೆಂ.ಮೀ. ಇದ್ದರೆ ಆ ಮಗು ಇನ್ನೂ ನಿಧಾನದ ದಾರಿಯಲ್ಲಿದೆ. ಆ ಅಂತರ ಇದ್ದಕ್ಕಿದ್ದಂತೆ ಮೂರಕ್ಕೆ ಹೋದರೆ ಅವನ ವರ್ಷ ಶುರುವಾಗಿದೆ ಎಂದರ್ಥ. ನಾನು ಹೇಳಿದ ಆ ಹುಡುಗನ ಗೀಟುಗಳು ಹದಿನಾಲ್ಕೂವರೆಯವರೆಗೂ ಒತ್ತೊತ್ತಾಗಿವೆ. ಆಮೇಲೆ ದೂರ ದೂರ ಹೋಗಿವೆ. ಹತ್ತನೆಯ ತರಗತಿ ಮುಗಿಸುವ ಹೊತ್ತಿಗೆ ಅವನ ಗೀಟು ನನ್ನ ಹುಬ್ಬಿನ ಮಟ್ಟಕ್ಕೆ ಬಂದಿತ್ತು. ಈಗಲೂ ಚೆಂಡು, ಕೋನ್ ತೆಗೆಯಲು ಬಾಗಿಲು ತೆರೆದಾಗಲೆಲ್ಲ ಅದು ಕಣ್ಣಿಗೆ ಬೀಳುತ್ತದೆ.

ವಯಸ್ಸಿನ ಲೆಕ್ಕವೂ ಇದರ ಜೊತೆ ಸೇರುತ್ತದೆ. ನಾವು 14ರ ಒಳಗಿನವರು, 17ರ ಒಳಗಿನವರು ಎಂದು ವಿಭಾಗ ಮಾಡುತ್ತೇವೆ. ಒಂದೇ ವಿಭಾಗದಲ್ಲಿ ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಇರುತ್ತಾರೆ. ಹನ್ನೆರಡರ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಕಡಿಮೆಯೇನಲ್ಲ. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು ತುಂಬಿಕೊಂಡಿದ್ದಾರೆ ಎಂದು ರೋಜರ್ ಬಾರ್ನ್ಸ್‌ಲಿ ಮತ್ತು ಜೊತೆಗಾರರು 1985ರಲ್ಲೇ ತೋರಿಸಿಕೊಟ್ಟರು. ಅಲ್ಲಿ ಮೈಯಿಂದ ಮೈಗೆ ಡಿಕ್ಕಿ ಹೊಡೆಯುವ ಆಟ, ಹಾಗಾಗಿ ಗಾತ್ರ ಎದ್ದು ಕಾಣುತ್ತದೆ. ನಮ್ಮದು ಹುಲ್ಲಿನ ಮೇಲಿನ, ಈಗ ಟರ್ಫ್ ಮೇಲಿನ ಹಾಕಿ. ನಿಯಮದ ಪ್ರಕಾರ ಇಲ್ಲಿ ಭುಜ ಕೊಡುವುದು ಫೌಲ್. ಹಾಗಿದ್ದೂ ನಾವು ಆರಿಸುವಾಗ ಐಸ್ ಹಾಕಿಯವರ ಹಾಗೆ ಗಾತ್ರವನ್ನೇ ಹುಡುಕುತ್ತೇವೆ.

ಜೊತೆಗೆ ನಮ್ಮಲ್ಲಿ ಇನ್ನೊಂದಿದೆ. ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆಸಿದ ಹುಟ್ಟಿದ ದಿನಗಳು ಎಷ್ಟಿವೆ ಎಂಬುದು ನಮ್ಮ ದಾಖಲಾತಿ ಪುಸ್ತಕ ತೆರೆದರೆ ಕಾಣುತ್ತದೆ. ಬೇಕೆಂದೇ ವಯಸ್ಸು ತಗ್ಗಿಸಿದವರ ಎದುರು ನಿಜವಾದ ಹದಿಮೂರರ ಮಗು ನಿಂತರೆ ಅದು ಚಿಕ್ಕದಾಗಿಯೇ ಕಾಣುತ್ತದೆ. ಮಣಿಕಟ್ಟಿನ ಎಕ್ಸ್‌ರೇ ತೆಗೆಸಿ ಎಲುಬಿನ ವಯಸ್ಸು ನೋಡುವ ಪದ್ಧತಿ ಇದೆ, ಅದು ಬೇಕು. ಆದರೆ ಎಲುಬಿನ ವಯಸ್ಸೂ ಹುಟ್ಟಿದ ತಾರೀಕಿಗಿಂತ ಒಂದೆರಡು ವರ್ಷ ಹಿಂದುಮುಂದಾಗುವುದು ಸಹಜ. ಬೇಗ ಬೆಳೆದ ಪ್ರಾಮಾಣಿಕ ಮಗುವನ್ನು ಅದರಿಂದ ಕಳ್ಳ ಎನ್ನಬಾರದು. ಇದರ ಬಗ್ಗೆ ಬೇರೆಯದೇ ಪತ್ರ ಬರೆಯಬೇಕಾದೀತು, ಇಲ್ಲಿಗೆ ಬಿಡುತ್ತೇನೆ.

ಇನ್ನು ಆಯ್ಕೆಯಾಗಿ ಹಾಸ್ಟೆಲ್ ಸೇರಿದವರ ಕಥೆ. ತಿಂಗಳಿಗೊಮ್ಮೆ ತೂಕ ನೋಡುತ್ತೀರಿ, ಒಳ್ಳೆಯದೇ. ಆದರೆ ಹೇಗೆ ನೋಡುತ್ತೀರಿ? ರಜೆಗೆ ಬಂದ ಮಕ್ಕಳು ನನ್ನ ಬಳಿ ಹೇಳಿದ್ದನ್ನು ಬರೆಯುತ್ತೇನೆ. ಎಲ್ಲರ ಮುಂದೆ ನಿಲ್ಲಿಸಿ ಸಂಖ್ಯೆಯನ್ನು ಗಟ್ಟಿಯಾಗಿ ಕೂಗುತ್ತಾರೆ. ಕಳೆದ ತಿಂಗಳಿಗಿಂತ ಕಡಿಮೆ ಇದ್ದರೆ ಗಂಡುಮಕ್ಕಳಿಗೆ ಬೈಗುಳ, ಹೆಚ್ಚಿದ್ದರೆ ಹೆಣ್ಣುಮಕ್ಕಳಿಗೆ ಬೈಗುಳ. ಒಬ್ಬ ಹುಡುಗ ತೂಕದ ದಿನ ಬೆಳಿಗ್ಗೆ ಎರಡು ಬಾಟಲಿ ನೀರು ಕುಡಿದು, ಚಡ್ಡಿಯ ಜೇಬಿಗೆ ಕಲ್ಲು ಹಾಕಿಕೊಂಡು ನಿಲ್ಲುತ್ತಿದ್ದನಂತೆ. ಹೇಳುವಾಗ ಅವನು ನಗುತ್ತಿದ್ದ. ನನಗೆ ನಗು ಬರಲಿಲ್ಲ. ಹದಿನಾಲ್ಕು ವರ್ಷದ ಮಗು ತನ್ನ ತರಬೇತುದಾರರಿಗೆ ತನ್ನ ಮೈಯ ಬಗ್ಗೆಯೇ ಸುಳ್ಳು ಹೇಳುವ ಹಾಗಾದರೆ ಆ ತೂಕದ ಪುಸ್ತಕ ಯಾರಿಗಾಗಿ?

ಇನ್ನೊಬ್ಬ ಹುಡುಗನ ತಾಯಿ ತೋಟದಲ್ಲಿ ದಿನಗೂಲಿ. ಮಗನಿಗೆ ತೂಕ ಬರಬೇಕು ಎಂದು ಹೇಳಿದ್ದಾರೆಂದು ಸಾಲ ಮಾಡಿ ಎರಡು ಸಾವಿರಕ್ಕೂ ಮೇಲ್ಪಟ್ಟ ಬೆಲೆಯ ಪ್ರೋಟೀನ್ ಪುಡಿಯ ಡಬ್ಬ ತಂದಿದ್ದರು. ಡಬ್ಬವನ್ನು ಸೆರಗಿನಲ್ಲಿ ಸುತ್ತಿಕೊಂಡು ಶಾಲೆಗೆ ಬಂದು, 'ಇದನ್ನ ಹಾಲಲ್ಲಿ ಕೊಡ್ಬೇಕಾ, ನೀರಲ್ಲಾ ಸಾರ್? ಅಂಗಡಿಯವ್ರು ಇಂಗ್ಲಿಷ್ನಲ್ಲಿ ಬರ್ದಿದೆ ಅಂದ್ರು' ಎಂದು ಕೇಳಿದರು. ಡಬ್ಬದೊಳಗಿನ ಒಂದು ಅಳತೆ ಚಮಚದಲ್ಲಿ 24 ಗ್ರಾಂ ಪ್ರೋಟೀನ್ ಎಂದು ಮೇಲೆ ಬರೆದಿತ್ತು. ನಾಲ್ಕು ಕೋಳಿಮೊಟ್ಟೆಯಲ್ಲಿ ಅಷ್ಟೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲೇ ಮೈಕಟ್ಟಿಗಾಗಿ ಇಂಥ ಪುಡಿಗಳ ಹಿಂದೆ ಹೋಗಬೇಡಿ ಎಂದು ಹೇಳಿದೆ. ಪುಡಿಯಲ್ಲಿ ಏನು ಬೆರೆತಿರುತ್ತದೆಯೋ ಎಂಬ ಭಯ ಬೇರೆ. ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ 'ಗೊತ್ತಿರಲಿಲ್ಲ' ಎಂಬ ಮಾತು ನಡೆಯುವುದಿಲ್ಲ, ಹೊಣೆ ಆಟಗಾರನದೇ. ಇನ್ನು ಯಾರಾದರೂ ಸ್ಟೀರಾಯ್ಡ್ ಮಾತ್ರೆಯ ದಾರಿ ತೋರಿಸಿದರಂತೂ ಮುಗಿಯಿತು. ಅದು ಎಲುಬಿನ ತುದಿಯ ಬೆಳೆಯುವ ಪದರವನ್ನು ಹೊತ್ತಿಗೆ ಮುಂಚೆ ಮುಚ್ಚಿಸಿಬಿಡುತ್ತದೆ. ತೂಕಕ್ಕಾಗಿ ಹೋದ ಹುಡುಗ ಎತ್ತರವನ್ನೇ ಕಳೆದುಕೊಳ್ಳುತ್ತಾನೆ. ಆ ತಾಯಿಗೆ ಡಬ್ಬವನ್ನು ವಾಪಸ್ ಕೊಡಿಸಿದೆ. ಅಂಗಡಿಯವನು ಅರ್ಧ ದುಡ್ಡು ಮಾತ್ರ ಕೊಟ್ಟ.

ಹೆಣ್ಣುಮಕ್ಕಳ ವಿಷಯ ನನಗೆ ಹೆಚ್ಚು ನೋವು ಕೊಟ್ಟಿದೆ. ನಮ್ಮ ಶಾಲೆಯಿಂದ ಹೋದ ಹುಡುಗಿಯೊಬ್ಬಳು ದಸರಾ ರಜೆಗೆ ಬಂದವಳು ನಮ್ಮ ಮನೆಗೂ ಬಂದಳು. ನನ್ನ ಹೆಂಡತಿ ಅಕ್ಕಿರೊಟ್ಟಿ, ಕುಂಬಳಕಾಯಿ ಪಲ್ಯ ಬಡಿಸಿದರೆ ಅರ್ಧ ರೊಟ್ಟಿ ಮುರಿದು, ತಟ್ಟೆಯಲ್ಲೇ ಅತ್ತಿತ್ತ ಸರಿಸುತ್ತ ಕೂತಳು. ಮೊದಲು ಅವಳು ಮೂರು ರೊಟ್ಟಿ ತಿನ್ನುತ್ತಿದ್ದ ಹುಡುಗಿ. ಒಂದು ವರ್ಷದಲ್ಲಿ ಆರು ಕೆ.ಜಿ. ಏರಿದ್ದಾಳೆಂದು ಅವಳಿಗೆ ಅಡ್ಡಹೆಸರಿಟ್ಟಿದ್ದರು. ರಾತ್ರಿ ಊಟ ಬಿಡಲು ಹೇಳಿದ್ದರು. ನನ್ನ ಹೆಂಡತಿ ಒಳಗೆ ಕರೆದು ಮಾತಾಡಿಸಿದಾಗ ನಾಲ್ಕು ತಿಂಗಳಿಂದ ಮುಟ್ಟಾಗಿಲ್ಲ ಎಂದಳು. ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದೆವು. ರಕ್ತದಲ್ಲಿ ಹಿಮೋಗ್ಲೋಬಿನ್ 9 ಗ್ರಾಂ. ಆ ವಯಸ್ಸಿಗೆ 12ಕ್ಕಿಂತ ಕಡಿಮೆಯಾದರೇ ರಕ್ತಹೀನತೆ.

ದಯವಿಟ್ಟು ಇದನ್ನು ಸಮಾಧಾನವಾಗಿ ಓದಿ. ಹುಡುಗಿಯರ ಮೈ ತುಂಬುವ ವರ್ಷದಲ್ಲಿ ಎಂಟು ಕೆ.ಜಿ.ವರೆಗೂ ತೂಕ ಏರುವುದುಂಟು. ಸೊಂಟ ಅಗಲವಾಗುತ್ತದೆ, ಮೈಯಲ್ಲಿ ಕೊಬ್ಬಿನ ಪಾಲು ಸಹಜವಾಗಿಯೇ ಹೆಚ್ಚುತ್ತದೆ. ಒಂದಷ್ಟು ತಿಂಗಳು ಓಟ ಮಂದವಾಗಲೂಬಹುದು. ಅದು ಸೋಮಾರಿತನದ ಲಕ್ಷಣ ಅಲ್ಲ. ಆಟಕ್ಕೆ ತಕ್ಕ ಊಟ ಸಿಗದಿದ್ದರೆ ಮೈ ತನ್ನ ಖರ್ಚು ಕಡಿಮೆ ಮಾಡುತ್ತದೆ. ಮೊದಲು ನಿಲ್ಲುವುದು ಮುಟ್ಟು, ಆಮೇಲೆ ಎಲುಬು ಸವೆಯುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2014ರಲ್ಲಿ ಇದಕ್ಕೊಂದು ಹೆಸರು ಕೊಟ್ಟು ಎಚ್ಚರಿಸಿದೆ, ಗಂಡುಮಕ್ಕಳಿಗೂ ಇದು ತಪ್ಪಿದ್ದಲ್ಲ ಎಂದಿದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19ರ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿ ರಕ್ತಹೀನತೆಯವರು. ಅಂಥ ದೇಶದಲ್ಲಿ ನಾವು ಓಡುವ ಹುಡುಗಿಗೆ ರಾತ್ರಿ ಊಟ ಬಿಡಿಸುತ್ತಿದ್ದೇವೆ.

ಬೆಳೆಯುವ ವರ್ಷದಲ್ಲಿ ಆಟವೂ ಕೆಡುತ್ತದೆ. ನಿನ್ನೆಯವರೆಗೆ ಚೆಂಡು ಅಂಟಿದ ಹಾಗೆ ಟ್ರ್ಯಾಪ್ ಮಾಡುತ್ತಿದ್ದವನ ಸ್ಟಿಕ್ ಕೆಳಗಿಂದ ಚೆಂಡು ತೂರಿ ಹೋಗುತ್ತದೆ. ಕಾಲು ಉದ್ದವಾಗಿದೆ, ಕಣ್ಣು ಕೈಗಳ ಲೆಕ್ಕ ಇನ್ನೂ ಹಳೆಯದೇ. ಇದಕ್ಕೆ ಸಿಗುವ ಶಿಕ್ಷೆ ಮೈದಾನಕ್ಕೆ ಹತ್ತು ಸುತ್ತು. ಅದೇ ಹೊತ್ತಿನಲ್ಲಿ ಮೊಣಕಾಲ ಚಿಪ್ಪಿನ ಕೆಳಗೆ ಗಂಟು ಎದ್ದು ನೋಯುತ್ತದೆ, ಹಿಮ್ಮಡಿ ನೋಯುತ್ತದೆ. ಎಲುಬು ಓಡಿದಷ್ಟು ವೇಗವಾಗಿ ಸ್ನಾಯು, ಅದನ್ನು ಎಲುಬಿಗೆ ಬಿಗಿಯುವ ಸ್ನಾಯುರಜ್ಜು ಉದ್ದವಾಗಿರುವುದಿಲ್ಲ, ಅದು ಎಲುಬಿಗೆ ಅಂಟಿದ ಜಾಗವನ್ನು ಎಳೆಯುತ್ತದೆ. ಹಾಕಿಯಲ್ಲಿ ಬೆನ್ನು ಬೇರೆ ಸದಾ ಬಾಗಿರುತ್ತದೆ. ಒಂದು ವರ್ಷದಲ್ಲಿ 9 ಸೆಂ.ಮೀ. ಬೆಳೆದ ಹುಡುಗ ಹಳೆಯ ಗಿಡ್ಡ ಸ್ಟಿಕ್ಕನ್ನೇ ಹಿಡಿದರೆ ಅಷ್ಟೂ ಭಾರ ಸೊಂಟದ ಮೇಲೆ. ಇಂಥ ವಯಸ್ಸಿನಲ್ಲಿ ಡ್ರ್ಯಾಗ್ ಫ್ಲಿಕ್ ಅನ್ನು, ಅಂದರೆ ಬಾಗಿ ಚೆಂಡನ್ನು ಎಳೆದು ಗೋಲಿಗೆ ಚಿಮ್ಮಿಸುವ ಹೊಡೆತವನ್ನು ದಿನಕ್ಕೆ ನೂರು ಸಲ ಮಾಡಿಸಿದರೆ ಬೆನ್ನೆಲುಬಿನಲ್ಲಿ ಬಿರುಕು ಬೀಳುವುದು ವೈದ್ಯರಿಗೆ ಹೊಸದೇನಲ್ಲ. ನನ್ನ ಇಬ್ಬರು ಹುಡುಗರು ಬೆನ್ನು ನೋವೆಂದು ಆಟ ಬಿಟ್ಟು ಬಂದರು. ಇಬ್ಬರ ಕೈಯಲ್ಲೂ ಹಾಸ್ಟೆಲ್ ಸೇರಿದ ದಿನದ ಸ್ಟಿಕ್ಕೇ ಇತ್ತು.

ಊಟದ ಮಾತಿಗೆ ಬರುತ್ತೇನೆ. ದುಡ್ಡಿನ ಕಷ್ಟ ನನಗೆ ಗೊತ್ತು, ತಲೆಗೆ ಇಷ್ಟು ಎಂದು ಬರುವ ಹಣದಲ್ಲಿ ಅಡುಗೆಮನೆ ನಡೆಸುವವರ ಪಾಡೂ ಗೊತ್ತು. ಆದರೆ ನಾನು ಕಂಡ ಕಡೆ ತೊಂದರೆ ದುಡ್ಡಿಗಿಂತ ಹೊತ್ತಿನದು. ಬೆಳಿಗ್ಗೆ ಐದೂವರೆಗೆ ಬರಿಹೊಟ್ಟೆಯಲ್ಲಿ ಮೈದಾನ. ಏಳೂವರೆಗೆ ಮುಗಿದರೆ ಸ್ನಾನ, ಬಟ್ಟೆ, ಎಂಟೂವರೆಗೆ ಉಪ್ಪಿಟ್ಟು. ಶಾಲೆ ಮುಗಿಸಿ ಮತ್ತೆ ನಾಲ್ಕೂವರೆಗೆ ಮೈದಾನ, ಊಟಕ್ಕೆ ರಾತ್ರಿ ಎಂಟು. ಹದಿಮೂರರಿಂದ ಹದಿನೈದರ ಹುಡುಗನಿಗೆ ಸಾಧಾರಣ ಚಟುವಟಿಕೆ ಇದ್ದರೇ ದಿನಕ್ಕೆ 2860 ಕಿಲೋ ಕ್ಯಾಲರಿ, 45 ಗ್ರಾಂ ಪ್ರೋಟೀನ್ ಬೇಕೆಂದು ನಮ್ಮ ದೇಶದ 2020ರ ಲೆಕ್ಕ. ಎರಡು ಹೊತ್ತು ಓಡುವವನಿಗೆ ಅದಕ್ಕಿಂತ ಹೆಚ್ಚು ಬೇಕೆಂದು ಹೇಳಬೇಕಾಗಿಲ್ಲ. ಮೈದಾನಕ್ಕೆ ಇಳಿಯುವ ಮುಂಚೆ ಎರಡು ಬಾಳೆಹಣ್ಣು, ಒಂದು ಲೋಟ ರಾಗಿ ಅಂಬಲಿ. ಮುಗಿದ ಅರ್ಧ ಗಂಟೆಯೊಳಗೆ ಹಾಲು, ಬೇಯಿಸಿದ ಮೊಟ್ಟೆ, ಮೊಟ್ಟೆ ತಿನ್ನದವರಿಗೆ ನೆನೆಸಿದ ಕಡಲೆ, ಶೇಂಗಾ, ಬೆಲ್ಲ. ಮಧ್ಯಾಹ್ನದ ಸಾರಿನಲ್ಲಿ ನೀರಿಗಿಂತ ಬೇಳೆಯೋ ಹುರುಳಿಯೋ ಹೆಚ್ಚಿರಲಿ. ರಾಗಿಯಲ್ಲಿ ನೂರು ಗ್ರಾಂಗೆ 300 ಮಿಲಿಗ್ರಾಂಗೂ ಮೇಲೆ ಕ್ಯಾಲ್ಸಿಯಂ ಇದೆ. ಬೆಳೆಯುವ ಎಲುಬಿಗೆ ಬೇಕಾದದ್ದು ನಮ್ಮ ನೆಲದಲ್ಲೇ ಇದೆ. ಮತ್ತೆ ನಿದ್ದೆ. ರಾತ್ರಿ ಹನ್ನೊಂದಕ್ಕೆ ಮಲಗಿ ನಾಲ್ಕೂಮುಕ್ಕಾಲಿಗೆ ಸೀಟಿ ಊದಿದಾಗ ಏಳುವ ಮಗು ಏನು ತಿಂದರೂ ಮೈಗೆ ಹತ್ತುವುದಿಲ್ಲ.

ನಿಮ್ಮ ಕಡೆಯ ಮಾತೂ ನನಗೆ ಅರ್ಥವಾಗುತ್ತದೆ. ಟೋಕಿಯೊದಲ್ಲಿ, ಪ್ಯಾರಿಸ್‌ನಲ್ಲಿ ಕಂಚು ಗೆದ್ದ ನಮ್ಮ ತಂಡದ ಹುಡುಗರನ್ನು ನೋಡಿದರೆ ಇಂದಿನ ಹಾಕಿಗೆ ಎಂಥ ದೇಹ ಬೇಕು ಎಂಬುದು ಕಾಣುತ್ತದೆ. ಹದಿನೈದು ನಿಮಿಷದ ನಾಲ್ಕು ಭಾಗ, ಆಟಗಾರರು ಒಳಗೆ ಹೊರಗೆ ಹೋಗುತ್ತಲೇ ಇರುತ್ತಾರೆ, ಇದ್ದಷ್ಟು ಹೊತ್ತು ಪೂರ್ತಿ ವೇಗ. ಸಣಕಲು ಮೈ ಅಲ್ಲಿ ನಿಲ್ಲುವುದಿಲ್ಲ. ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆ ದೇಹ ಇಪ್ಪತ್ತೆರಡಕ್ಕೆ ಬೇಕಾದದ್ದು. ಅದನ್ನು ಹದಿಮೂರಕ್ಕೇ ಕೇಳಿದರೆ ಸಿಗುವುದು ಬೇಗ ಬೆಳೆದ ಮಗು ಮಾತ್ರ. ಮೇಲಾಗಿ, ಚಿಕ್ಕ ಮೈಯ ಮಗು ದೊಡ್ಡವರ ನಡುವೆ ಉಳಿಯಬೇಕಾದರೆ ತಲೆ ಓಡಿಸಲೇಬೇಕು. ಚೆಂಡು ಬರುವ ಮುಂಚೆ ನೋಡಬೇಕು, ಒಂದೇ ಸ್ಪರ್ಶದಲ್ಲಿ ಬಿಡಬೇಕು, ಡಾಡ್ಜ್ ಕಲಿಯಬೇಕು. ಅಂಥವನನ್ನು ಮೂರು ವರ್ಷ ಉಳಿಸಿಕೊಂಡರೆ ಮೈಯೂ ಬರುತ್ತದೆ, ಕಲಿತ ಬುದ್ಧಿಯೂ ಇರುತ್ತದೆ. ನಮ್ಮ ಕೊಡಗಿನ ಸೋಮವಾರಪೇಟೆಯಿಂದ ಹೋದ ಹಾಕಿ ಆಟಗಾರ ಎಸ್.ವಿ. ಸುನಿಲ್ ಎರಡು ಒಲಿಂಪಿಕ್ಸ್ ಆಡಿದ್ದು ಗಾತ್ರದಿಂದಲ್ಲ, ಕಾಲಿನ ವೇಗದಿಂದ ಎಂಬುದನ್ನು ನಿಮಗೆ ನೆನಪಿಸಬೇಕಾಗಿಲ್ಲ.

ಹಾಕಿ ಆಟಗಾರ್ತಿ ರಾಣಿ ರಾಂಪಾಲ್ ತಮ್ಮ ಕಥೆಯನ್ನು ತಾವೇ ಹೇಳಿಕೊಂಡಿದ್ದಾರೆ. ಹರಿಯಾಣದ ಶಾಹಾಬಾದಿನ ಗಾಡಿ ಎಳೆಯುವವರ ಮಗಳು. ಆಟ ಕಲಿಸಿ ಎಂದು ಹೋದಾಗ ಪೌಷ್ಟಿಕತೆ ಸಾಲದು, ಅಭ್ಯಾಸ ತಡೆಯುವಷ್ಟು ಶಕ್ತಿ ಇಲ್ಲ ಎಂದು ತಿರುಗಿಸಿ ಕಳಿಸಿದ್ದರು. ಆಮೇಲೆ ಸೇರಿದಾಗ ದಿನಕ್ಕೆ ಅರ್ಧ ಲೀಟರ್ ಹಾಲು ಮನೆಯಿಂದ ತರಬೇಕಿತ್ತು. ಮನೆಯಲ್ಲಿ ಕೊಳ್ಳಲಾಗುತ್ತಿದ್ದದ್ದು 200 ಮಿ.ಲೀ. ಉಳಿದದ್ದಕ್ಕೆ ನೀರು ಬೆರೆಸಿ ಕುಡಿಯುತ್ತಿದ್ದೆ ಎಂದಿದ್ದಾರೆ. ಆ ಹುಡುಗಿಯ ನಾಯಕತ್ವದಲ್ಲೇ ಭಾರತದ ಮಹಿಳಾ ತಂಡ ಟೋಕಿಯೊದಲ್ಲಿ ನಾಲ್ಕನೆಯ ಸ್ಥಾನಕ್ಕೆ ಬಂತು. ಒಮ್ಮೆ ತಿರುಗಿಸಿ ಕಳಿಸಿದ ಮೇಲೂ ಆಕೆ ಮತ್ತೆ ಹೋದರು, ಹಟ ಹಿಡಿದರು. ನನ್ನ ಹುಡುಗ ಹಟ ಹಿಡಿಯಲಿಲ್ಲ. ಹದಿಮೂರರ ಮಗುವಿನಿಂದ ಅಷ್ಟು ಹಟ ನಿರೀಕ್ಷಿಸುವುದು ಎಷ್ಟು ನ್ಯಾಯ ಎಂಬುದನ್ನು ನಿಮ್ಮ ಮನಸ್ಸಿಗೇ ಬಿಡುತ್ತೇನೆ.

ಆದ್ದರಿಂದ ನನ್ನ ಬೇಡಿಕೆಗಳು ಇವು. ಹದಿನೈದರ ಒಳಗಿನ ಆಯ್ಕೆಯಲ್ಲಿ ಎತ್ತರ, ತೂಕಗಳಿಗೆ ಅಂಕ ಕೊಡುವುದನ್ನು ನಿಲ್ಲಿಸಿ. ಅಳೆಯಿರಿ, ಬರೆದಿಡಿ, ಅಂಕಕ್ಕೆ ಸೇರಿಸಬೇಡಿ. ಪಕ್ಕದಲ್ಲಿ ತಂದೆ ತಾಯಿಯ ಎತ್ತರವನ್ನೂ ಕೇಳಿ ಬರೆದುಕೊಳ್ಳಿ. ಇಬ್ಬರ ಎತ್ತರದ ಸರಾಸರಿಗೆ ಹುಡುಗನಾದರೆ ಆರೂವರೆ ಸೆಂ.ಮೀ. ಕೂಡಿಸಿ, ಹುಡುಗಿಯಾದರೆ ಅಷ್ಟನ್ನೇ ಕಳೆದರೆ ಆ ಮಗು ಸುಮಾರು ಎಲ್ಲಿಗೆ ಮುಟ್ಟಬಹುದೆಂಬ ಅಂದಾಜು ಸಿಗುತ್ತದೆ, ಮಕ್ಕಳ ವೈದ್ಯರು ದಿನವೂ ಮಾಡುವ ಲೆಕ್ಕ ಅದು. ಹತ್ತು ನಿಮಿಷದ ಆಟ ಸಾಲದು. ಕಡೆಯ ಪಕ್ಷ ಎರಡು ದಿನ ಆಡಿಸಿ, ಒಂದು ದಿನ ಗಾತ್ರ ಸರಿಸಮ ಇರುವವರನ್ನು ಒಂದು ಗುಂಪು ಮಾಡಿ ಆಡಿಸಿ. ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳು ಇದನ್ನು ಮಾಡಿ ನೋಡಿವೆ. ನಮ್ಮಲ್ಲೂ ಇದಕ್ಕೆ ಖರ್ಚೇನಿಲ್ಲ, ಪಟ್ಟಿಯನ್ನು ಬೇರೆ ಕ್ರಮದಲ್ಲಿ ಬರೆದರಾಯಿತು. ಆಟ ಇದ್ದು ಮೈ ಬಾರದವರಿಗೆ ಕಾಯ್ದಿರಿಸಿದ ಸೀಟು ಪ್ರತಿ ಹಾಸ್ಟೆಲಿನಲ್ಲಿ ನಾಲ್ಕೈದಾದರೂ ಇರಲಿ.

ಹಾಸ್ಟೆಲಿನಲ್ಲಿ ತೂಕವನ್ನು ಕೋಣೆಯೊಳಗೆ, ಒಬ್ಬೊಬ್ಬರನ್ನೇ ಕರೆದು ನೋಡಿ. ಹೆಣ್ಣುಮಕ್ಕಳದನ್ನು ಮಹಿಳಾ ಸಿಬ್ಬಂದಿಯೇ ನೋಡಲಿ. ಸಂಖ್ಯೆ ಕೂಗಬೇಡಿ, ಅಡ್ಡಹೆಸರು ಇಡಬೇಡಿ, ಇಡುವವರನ್ನು ತಡೆಯಿರಿ. ಭಾರತೀಯ ಮಕ್ಕಳ ವೈದ್ಯರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೆಂದೇ 18 ವರ್ಷದವರೆಗಿನ ಬೆಳವಣಿಗೆಯ ನಕ್ಷೆ ಕೊಟ್ಟಿದೆ. ಒಬ್ಬೊಬ್ಬರಿಗೂ ಒಂದು ಹಾಳೆ ಇಟ್ಟು ಅದರಲ್ಲಿ ಚುಕ್ಕೆ ಹಾಕಿ. ಚುಕ್ಕೆಗಳು ತಮ್ಮದೇ ಗೆರೆಯಲ್ಲಿ ಮೇಲೇರುತ್ತಿದ್ದರೆ ಸಣ್ಣಗಿದ್ದರೂ ಚಿಂತೆಯಿಲ್ಲ. ಗೆರೆ ಬಿಟ್ಟು ಕೆಳಗೆ ಇಳಿದರೆ ವೈದ್ಯರ ಬಳಿ ಕರೆದೊಯ್ಯಿರಿ. ಮೂರು ತಿಂಗಳು ಮುಟ್ಟು ನಿಂತ ಹುಡುಗಿಯನ್ನೂ ಹಾಗೆಯೇ. ಆರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಲಿ. ವೇಗವಾಗಿ ಉದ್ದವಾಗುತ್ತಿರುವವರಿಗೆ ಆ ಕೆಲವು ತಿಂಗಳು ಸುತ್ತು, ಜಿಗಿತ, ಫ್ಲಿಕ್ ಕಡಿಮೆ ಮಾಡಿ, ಚೆಂಡಿನ ಕೆಲಸ ಹೆಚ್ಚಿಸಿ. ಸ್ಟಿಕ್ಕನ್ನು ವರ್ಷಕ್ಕೊಮ್ಮೆ ಸೊಂಟಕ್ಕೆ ಹಿಡಿದು ನೋಡಿ ಬದಲಾಯಿಸಿ ಕೊಡಿ. ಪುಡಿ, ಮಾತ್ರೆಯ ಹೆಸರನ್ನು ತರಬೇತುದಾರರ ಬಾಯಿಂದ ಮಕ್ಕಳು ಕೇಳಬಾರದು. ಬೆಳಗಿನ ಬಾಳೆಹಣ್ಣು ಬರುವ ತಿಂಗಳಿಂದಲೇ ಶುರುವಾಗಬಹುದು, ಅದಕ್ಕೆ ಯಾವ ಸುತ್ತೋಲೆಯೂ ಬೇಕಾಗಿಲ್ಲ.

1997ರಲ್ಲಿ ಕೊಡಗಿನ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಅರವತ್ತು ಕೊಡವ ಕುಟುಂಬಗಳ ತಂಡಗಳನ್ನು ಸೇರಿಸಿ ಕೌಟುಂಬಿಕ ಹಾಕಿ ಶುರುಮಾಡಿದರು. ಇಂದಿಗೂ ಆ ಹಬ್ಬದಲ್ಲಿ ಅಜ್ಜ, ಅತ್ತಿಗೆ, ಏಳನೇ ಕ್ಲಾಸಿನ ಹುಡುಗ ಒಂದೇ ತಂಡದಲ್ಲಿ ಇಳಿಯುತ್ತಾರೆ. ಚಿಕ್ಕ ಹುಡುಗ ದೊಡ್ಡವರ ಕಾಲಿನ ಸಂದಿಯಿಂದ ಚೆಂಡು ತೆಗೆದಾಗ ಮೈದಾನದ ಸುತ್ತ ಏಳುವ ಕೂಗನ್ನು ನೀವೂ ಕೇಳಿದ್ದೀರಿ. ನೀವೂ ಕೂಗಿದ್ದೀರಿ. ಆಯ್ಕೆಯ ಮೇಜಿನ ಹಿಂದೆ ಕೂತಾಗಲೂ ಅವನನ್ನು ಅದೇ ಕಣ್ಣಿನಿಂದ ನೋಡಿ ಎಂದು ಬೇಡಿಕೊಳ್ಳುತ್ತೇನೆ.

ಈ ಸಲದ ಆಯ್ಕೆಗೆ ನಮ್ಮ ಶಾಲೆಯಿಂದ ಮೂವರು ಬರುತ್ತಿದ್ದಾರೆ. ಅವರಲ್ಲೊಬ್ಬ 137 ಸೆಂ.ಮೀ., 29 ಕೆ.ಜಿ. ಮುಂಚೂಣಿಯ ಎಡ ಒಳಬದಿಯಲ್ಲಿ, ಲೆಫ್ಟ್ ಇನ್ ಆಡುತ್ತಾನೆ. ಬಾಗಿಲ ಚೌಕಟ್ಟಿನ ಮೇಲಿನ ಅವನ ಎರಡು ವರ್ಷದ ಗೀಟುಗಳನ್ನು ತಾರೀಕು ಸಮೇತ ಒಂದು ಹಾಳೆಗೆ ಇಳಿಸಿ, ಅಪ್ಪ ಅಮ್ಮನ ಎತ್ತರವನ್ನೂ ಬರೆದು, ಜನನ ಪ್ರಮಾಣಪತ್ರದ ಜೊತೆ ಪಿನ್ ಮಾಡಿ ಅವನ ಕೈಯಲ್ಲಿ ಕಳಿಸುತ್ತೇನೆ. ಮೆಷಿನ್ ಮೇಲೆ ನಿಲ್ಲಿಸುವ ಮುಂಚೆ ಆ ಹಾಳೆಯನ್ನು ದಯವಿಟ್ಟು ಓದಿ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ದೈಹಿಕ ಶಿಕ್ಷಣ ಶಿಕ್ಷಕ
ದಕ್ಷಿಣ ಕೊಡಗು